ಹಳೆಯ ಸೀರೀಸ್ 3 ಲ್ಯಾಂಡ್ ರೋವರ್: ಎಂಜಿನ್ ಮೊದಲೋ, ಬ್ರೇಕ್ ಮೊದಲೋ?

ಕೆಸರುಚಕ್ರ (ಪ್ರಶ್ನೆ)

ನನ್ನ ಬಳಿ 88 ಇಂಚು ವೀಲ್‌ಬೇಸಿನ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ), 1978ರ ಸೀರೀಸ್ 3 ಲ್ಯಾಂಡ್ ರೋವರ್ ಇದೆ. ಅದರಲ್ಲಿರುವುದು ಮೂಲದ 2286 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಗೇರು ಮತ್ತು ನಾಲ್ಕೂ ಚಕ್ರಗಳಿಗೆ 10 ಇಂಚಿನ ಡ್ರಮ್ ಬ್ರೇಕ್. ಮೂಲದ 6.00-16 ಟೈರುಗಳ ಬದಲಿಗೆ ಹಿಂದಿನ ಮಾಲೀಕರು 7.50-16 ಟೈರು ಹಾಕಿಸಿದ್ದಾರೆ. ಚಾಸಿಗೆ ತುಕ್ಕು ಹಿಡಿದಿಲ್ಲ. ಆದರೆ ಗಂಟೆಗೆ 80 ಕಿ.ಮೀ. ದಾಟಿದರೆ ಒಳಗೆ ಮಾತು ಕೇಳಿಸುವುದಿಲ್ಲ, ಉದ್ದನೆಯ ಏರು ಎದುರಾದರೆ ಮೂರನೆಯ ಗೇರಿಗೆ ಇಳಿದು ತೆವಳಬೇಕಾಗುತ್ತದೆ.

ಈಗ ಲ್ಯಾಂಡ್ ರೋವರಿನದೇ ಡಿಸ್ಕವರಿ ಗಾಡಿಯಿಂದ ಬಿಚ್ಚಿದ, ಟರ್ಬೋ ಇರುವ 200ಟಿಡಿಐ ಡೀಸೆಲ್ ಎಂಜಿನ್ ಒಂದು ಸುಸ್ಥಿತಿಯಲ್ಲಿ ಸಿಗುತ್ತಿದೆ. ಎಲ್ಲವನ್ನೂ ಒಮ್ಮೆಲೇ ಮಾಡಿಸಲು ಹಣವೂ ಇಲ್ಲ, ಬಿಡುವೂ ಇಲ್ಲ. ಆದ್ದರಿಂದ ಮೊದಲು ಎಂಜಿನ್, ಅನಂತರ ಆಕ್ಸಲ್, ಕೊನೆಗೆ ಡಿಸ್ಕ್ ಬ್ರೇಕ್ ಎಂದು ಯೋಚಿಸಿದ್ದೇನೆ. ಈ ಕ್ರಮ ಸರಿಯೇ? ಡಿಸ್ಕ್ ಹಾಕಲೇಬೇಕೇ?

ಗ್ರೀಸ್‌ಕೈ

ಕ್ರಮವನ್ನು ತಿರುಗಿಸಿಬಿಡಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರಲ್ಲಿ ಓಡುತ್ತಿದ್ದ ಗಾಡಿ 110ರಲ್ಲಿ ಓಡತೊಡಗಿದರೆ ನಿಲ್ಲಿಸುವಾಗ ಡ್ರಮ್‌ಗಳು ನುಂಗಬೇಕಾದ ಶಾಖ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದೊಡ್ಡ ಟೈರಿನಿಂದ ನಿಮ್ಮ ಬ್ರೇಕಿನ ಹಿಡಿತ ಈಗಾಗಲೇ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾಗಿದೆ, ಏಕೆಂದರೆ ಡ್ರಮ್ ಅಷ್ಟೇ ಇದ್ದು ಚಕ್ರದ ತ್ರಿಜ್ಯ ಮಾತ್ರ ಬೆಳೆದಿದೆ.

ಆದರೆ ಹೊಸ ಭಾಗಗಳನ್ನು ಕೊಳ್ಳುವ ಮೊದಲು ನಾಲ್ಕೂ ಡ್ರಮ್ ಬಿಚ್ಚಿ ನೋಡಿ. ಹಿಂದಿನ ಹಬ್‌ನ ಆಯಿಲ್ ಸೀಲ್ ಸೋತು, ಆಕ್ಸಲ್ಲಿನ ಎಣ್ಣೆ ಲೈನಿಂಗಿಗೆ (ಶೂಗಳ ಮೇಲಿನ ಉಜ್ಜುವ ಪದರಕ್ಕೆ) ಹತ್ತಿ, ಶೂಗಳು (ಡ್ರಮ್ಮನ್ನು ಒಳಗಿನಿಂದ ಒತ್ತುವ ಬಾಗಿದ ಪಟ್ಟಿಗಳು) ಕಪ್ಪಾಗಿ ಹೊಳೆಯುತ್ತಿರುವುದು ಈ ಗಾಡಿಗಳಲ್ಲಿ ಸಾಮಾನ್ಯ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದೊಡನೆ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ, ಆದ್ದರಿಂದ ಅದನ್ನು ಬಿಸಾಡುವುದೇ ಸರಿ. ಆಕ್ಸಲ್ಲಿನ ಮೇಲಿರುವ ಬ್ರೀದರ್ (ಗಾಳಿ ಹೊರಬಿಡುವ ಕಿಂಡಿ) ಕೆಸರಿನಿಂದ ಮುಚ್ಚಿಹೋಗಿದ್ದರೆ ಒಳಗಿನ ಒತ್ತಡ ಹೊಸ ಸೀಲನ್ನೂ ಉಳಿಸುವುದಿಲ್ಲ.

ಡಿಸ್ಕ್ ಕಡ್ಡಾಯವೇನಲ್ಲ. 109 ಇಂಚಿನ ಗಾಡಿಯ 11 ಇಂಚಿನ ಮುಂದಿನ ಡ್ರಮ್ ಬ್ರೇಕುಗಳು ನಿಮ್ಮ ಆಕ್ಸಲ್ಲಿಗೆ ಕೂರುತ್ತವೆ. ಅವುಗಳಲ್ಲಿ ಪ್ರತಿ ಚಕ್ರಕ್ಕೂ ಎರಡು ಸಿಲಿಂಡರುಗಳಿದ್ದು, ಎರಡೂ ಶೂಗಳು ಚಕ್ರದ ತಿರುಗುವಿಕೆಯಿಂದಲೇ ಡ್ರಮ್ಮಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಆದರೆ ಗಾಡಿ ಹಿಂದಕ್ಕೆ ಉರುಳುವಾಗ ಇದೇ ಏರ್ಪಾಡು ತಿರುಗುಬಾಣವಾಗಿ ಹಿಡಿತ ಬಹಳ ಇಳಿಯುತ್ತದೆ. ಕಡಿದಾದ ಏರಿನಲ್ಲಿ ಎಂಜಿನ್ ಬಂದ್ ಆದಾಗ ಇದನ್ನು ನೆನಪಿಡಬೇಕು. ಗೇರನ್ನು ನ್ಯೂಟ್ರಲ್ಲಿಗೆ ತಂದು ಬ್ರೇಕನ್ನೇ ನಂಬುವುದಕ್ಕಿಂತ ರಿವರ್ಸ್ ಗೇರಿನಲ್ಲಿ ಇಳಿಯುವುದು ಲೇಸು.

ಡಿಸ್ಕ್ ಹಾಕಿಸುವುದೇ ಆದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ತಳ್ಳುವ ಭಾಗ) ಬಗ್ಗೆ ಎಚ್ಚರ ವಹಿಸಿ. ಡ್ರಮ್ಮಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರುಗಳಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡವನ್ನು ಸದಾ ಉಳಿಸುವ ಕವಾಟವಿರುತ್ತದೆ. ಅದು ಹಾಗೇ ಉಳಿದರೆ ಪ್ಯಾಡುಗಳು ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇರುತ್ತವೆ. ಬೋರಿನ, ಅಂದರೆ ಸಿಲಿಂಡರಿನ ಒಳವ್ಯಾಸದ, ಅಳತೆಯೂ ಮುಖ್ಯ. ಮುಕ್ಕಾಲು ಇಂಚಿನ ಬೋರಿನಿಂದ ಒಂದು ಇಂಚಿನದಕ್ಕೆ ಹೋದರೆ ಪೆಡಲ್ ಚಲನೆ ಕಡಿಮೆಯಾಗುತ್ತದೆ, ಆದರೆ ಅದೇ ಒತ್ತಡಕ್ಕೆ ಕಾಲಿನಿಂದ ಮುಕ್ಕಾಲು ಪಾಲು ಹೆಚ್ಚಿನ ಬಲ ಬೇಕಾಗುತ್ತದೆ. ಸರ್ವೋ (ಕಾಲಿನ ಬಲಕ್ಕೆ ನೆರವಾಗುವ ಸಾಧನ) ಇಲ್ಲದ ಗಾಡಿಯಲ್ಲಿ ಆ ಪೆಡಲ್ ಕಲ್ಲನ್ನು ತುಳಿದಂತಿರುತ್ತದೆ.

ನಿಧಾನಸವಾರ

ಬ್ರೇಕಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆಕ್ಸಲ್ಲಿನ ಬಗ್ಗೆ ನನ್ನ ಸ್ವಂತ ತಪ್ಪೊಂದನ್ನು ಹೇಳುತ್ತೇನೆ.

ನನ್ನದೂ 88 ಇಂಚಿನ ಗಾಡಿಯೇ. ಒಮ್ಮೆ ಕಲ್ಲುಗಳಿದ್ದ ಏರನ್ನು ಲೋ ರೇಂಜಿನ (ನಾಲ್ಕೂ ಚಕ್ರಗಳಿಗೆ ಬಲ ಕೊಡುವ ನಿಧಾನ ಗೇರುಗಳ ಸಾಲು) ಮೊದಲ ಗೇರಿನಲ್ಲಿ ಹತ್ತುತ್ತಿದ್ದಾಗ ಹಿಂದಿನ ಎಡಚಕ್ರ ಬಂಡೆಯೊಂದಕ್ಕೆ ಒತ್ತಿಕೊಂಡು ನಿಂತಿತು. ಕ್ಲಚ್ಚನ್ನು ಸ್ವಲ್ಪ ಒರಟಾಗಿ ಬಿಟ್ಟೆ. ಒಣಗಿದ ಕೊಂಬೆ ಮುರಿದಂತೆ ಒಂದೇ ಒಂದು ಸದ್ದಾಯಿತು, ಎಂಜಿನ್ ಓಡುತ್ತಲೇ ಇತ್ತು, ಗಾಡಿ ಮಾತ್ರ ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದರೂ ನಿಲ್ಲಲಿಲ್ಲ. ಕಾಲಿನ ಬ್ರೇಕ್ ಒತ್ತಿ ಹಿಡಿದು ಕುಳಿತಿದ್ದಂತೆ ಜೊತೆಗಿದ್ದವರು ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟರು.

ಈ ಗಾಡಿಗಳ ಹ್ಯಾಂಡ್‌ಬ್ರೇಕ್ ಚಕ್ರಗಳ ಮೇಲೆ ಕೆಲಸ ಮಾಡುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಬಲವನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂಬದಿಯಲ್ಲಿರುವ ಡ್ರಮ್ಮಿನ ಮೂಲಕ, ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಹಾಫ್ ಶಾಫ್ಟ್ (ಆಕ್ಸಲ್ಲಿನ ನಡುವಿನ ಡಿಫರೆನ್ಷಿಯಲ್ ಎಂಬ ಗೇರ್ ಪೆಟ್ಟಿಗೆಯಿಂದ ಒಂದು ಚಕ್ರಕ್ಕೆ ಬಲ ಒಯ್ಯುವ ಸರಳು) ಮುರಿದೊಡನೆ ಆ ಶಾಫ್ಟಿಗೂ ಹಿಂದಿನ ಚಕ್ರಗಳಿಗೂ ಸಂಬಂಧವೇ ಉಳಿಯುವುದಿಲ್ಲ. ಲೋ ರೇಂಜಿನಲ್ಲಿ ಮುಂದಿನ ಆಕ್ಸಲ್ ಹಿಡಿಯಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ನನ್ನ ಮುಂದಿನ ಫ್ರೀವೀಲ್ ಹಬ್ಬುಗಳನ್ನು (ಮುಂದಿನ ಚಕ್ರಗಳನ್ನು ಅವುಗಳ ಶಾಫ್ಟಿಗೆ ಜೋಡಿಸುವ, ಬಿಡಿಸುವ ಕೀಲುಗಳು) ಲಾಕ್ ಮಾಡುವುದನ್ನೇ ಮರೆತಿದ್ದೆ! ಇಡೀ ಭಾರವನ್ನು ಹಿಂದಿನ ಶಾಫ್ಟೊಂದೇ ಹೊತ್ತು ಮುರಿದದ್ದಕ್ಕೂ ಕಾರಣ ಅದೇ. ಆಮೇಲೆ ಹಬ್ಬುಗಳನ್ನು ಲಾಕ್ ಮಾಡಿ, ಮುಂದಿನ ಚಕ್ರಗಳ ಬಲದಿಂದಲೇ ಹಿಂತಿರುಗಿದೆ.

ಇದು ಪೂರ್ಣ ತೇಲುವ ಬಗೆಯ (ಗಾಡಿಯ ಭಾರವನ್ನು ಶಾಫ್ಟಲ್ಲ, ಆಕ್ಸಲ್ಲಿನ ಕವಚವೇ ಹೊರುವ) ಆಕ್ಸಲ್ ಆದ್ದರಿಂದ ಶಾಫ್ಟ್ ಮುರಿದರೂ ಚಕ್ರ ಕಳಚುವುದಿಲ್ಲ; ಹಬ್‌ನ ಬೋಲ್ಟುಗಳನ್ನು ಬಿಚ್ಚಿದರೆ ಹೊರಗಿನ ತುಂಡು ಕೈಗೆ ಬರುತ್ತದೆ. ನನ್ನದರಲ್ಲಿ ಡಿಫ್ (ಡಿಫರೆನ್ಷಿಯಲ್) ತುದಿಯ ಹತ್ತು ಸ್ಪ್ಲೈನುಗಳು (ಡಿಫ್ ಒಳಗೆ ಸಿಕ್ಕಿಕೊಳ್ಳುವ ಉದ್ದನೆಯ ಹಲ್ಲುಗಳು) ಹಗ್ಗದ ಎಳೆಗಳಂತೆ ತಿರುಚಿಕೊಂಡಿದ್ದವು. ಅಂದರೆ ಅದು ಆ ಒಂದು ದಿನದಲ್ಲಿ ಮುರಿದದ್ದಲ್ಲ, ಬಹಳ ಕಾಲದಿಂದ ಸೋಲುತ್ತ ಬಂದಿತ್ತು. ಆದ್ದರಿಂದ ನಿಮ್ಮ ಎರಡೂ ಶಾಫ್ಟುಗಳನ್ನು ಈಗಲೇ ಎಳೆದು, ಒರೆಸಿ, ಸ್ಪ್ಲೈನುಗಳು ನೇರವಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಒಂದು ವೇಳೆ ಮುರಿದರೆ, ಒಳಗುಳಿದ ತುಂಡನ್ನು ಉದ್ದ ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತದಿಂದ ತೆಗೆಯಬಹುದು, ಆದರೆ ಚೂರುಗಳು ಉದುರಿರುವ ಸಂಶಯವಿದ್ದರೆ ಡಿಫನ್ನು ಬಿಚ್ಚದೆ ಓಡಿಸಬೇಡಿ.

ಲೆಕ್ಕದವ

200ಟಿಡಿಐ ಬಗ್ಗೆ ಸ್ವಲ್ಪ ಲೆಕ್ಕ ಹಾಕೋಣ. ಡಿಸ್ಕವರಿಯಲ್ಲಿ ಅದು 1800 ಆರ್‌ಪಿಎಂನಲ್ಲಿ ಸುಮಾರು 265 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ; ನಿಮ್ಮ ಪೆಟ್ರೋಲ್ ಎಂಜಿನ್ ಕೊಡುವುದು ಸುಮಾರು 160. ಮೂಲದ ಡಿಫ್ ಅನುಪಾತ 4.7, ಅಂದರೆ ಪ್ರೊಪೆಲರ್ ಶಾಫ್ಟ್ 4.7 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಅದನ್ನು ಹಾಗೇ ಬಿಟ್ಟರೆ ಹಾಫ್ ಶಾಫ್ಟಿನ ಮೇಲೆ ಬೀಳುವ ಗರಿಷ್ಠ ಹೊರೆ ಮೂರನೇ ಎರಡರಷ್ಟು ಹೆಚ್ಚುತ್ತದೆ. ಹಳೆಯ ರೇಂಜ್ ರೋವರಿನ, ಹತ್ತು ಸ್ಪ್ಲೈನಿನ 3.54 ಅನುಪಾತದ ಡಿಫ್‌ಗಳು ನಿಮ್ಮ ಆಕ್ಸಲ್ಲಿಗೆ ಕೂರುತ್ತವೆ. ಅವನ್ನು ಹಾಕಿದರೆ ಹೆಚ್ಚಳ ಕಾಲುಭಾಗಕ್ಕೆ ಇಳಿಯುತ್ತದೆ. ಹೀಗೆ ಡಿಫ್ ಬದಲಾವಣೆಯೇ ಶಾಫ್ಟಿಗೆ ಒಂದು ರಕ್ಷಣೆ. ಗೇರ್‌ಬಾಕ್ಸಿಗೆ ಮಾತ್ರ ಆ ರಕ್ಷಣೆ ಸಿಗುವುದಿಲ್ಲ. ಪೂರ್ತಿ 265 ಅದರ ಮೂಲಕವೇ ಹಾದುಹೋಗಬೇಕು.

ನಿಮ್ಮ ಟೈರಿನ ಲೆಕ್ಕದಲ್ಲಿ, 80 ಕಿ.ಮೀ. ವೇಗದಲ್ಲಿ ಈಗ ಎಂಜಿನ್ ನಿಮಿಷಕ್ಕೆ ಸುಮಾರು 2900 ಸುತ್ತು ತಿರುಗುತ್ತಿದೆ, 3.54 ಡಿಫ್ ಹಾಕಿದರೆ 2200ರ ಒಳಗೆ ಬರುತ್ತದೆ. ಇದಕ್ಕೆ ಬೆಲೆಯೂ ಇದೆ. ಲೋ ರೇಂಜಿನ ಮೊದಲ ಗೇರಿನ ಒಟ್ಟು ಅನುಪಾತ ಸುಮಾರು 40ರಿಂದ 30ಕ್ಕೆ ಇಳಿಯುವುದರಿಂದ, ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಹಿಡಿತದ ಮೇಲೆ ಆಮೆಯಂತೆ ಇಳಿಯುವ ಸುಖ ಹೋಗುತ್ತದೆ, ಆ ಕೆಲಸ ಬ್ರೇಕಿನ ಪಾಲಿಗೆ ಬರುತ್ತದೆ. ಕಲ್ಲುಬಂಡೆಗಳಲ್ಲೇ ಹೆಚ್ಚು ಓಡಿಸುವವರಾದರೆ 4.7 ಉಳಿಸಿಕೊಂಡು ಓವರ್‌ಡ್ರೈವ್ (ಓಟದ ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರು) ಹಾಕುವುದೇ ಮೇಲು. ಡಿಫ್ ಬದಲಿಸುವುದಾದರೆ ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೇ ಬದಲಿಸಬೇಕು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಈ ಗಾಡಿಯಲ್ಲಿ ಎರಡು ಬೇರೆ ಅನುಪಾತಗಳಿದ್ದರೆ ಫೋರ್‌ವೀಲ್ ಹಾಕಿದ ಕೂಡಲೇ ಆಕ್ಸಲ್‌ಗಳು ಒಂದರೊಡನೊಂದು ಜಗಳಕ್ಕೆ ನಿಲ್ಲುತ್ತವೆ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳತೊಡಗುತ್ತದೆ.

ಡಿಸ್ಕವರಿಯ ಎಂಜಿನ್ನಿನಲ್ಲಿ ಟರ್ಬೋ ಕೆಳಗಿರುವುದರಿಂದ ಸೀರೀಸಿನ ಚಾಸಿಗೆ ತಾಗುತ್ತದೆ; ಲ್ಯಾಂಡ್ ರೋವರ್ ಡಿಫೆಂಡರಿನ ಮ್ಯಾನಿಫೋಲ್ಡ್ (ಟರ್ಬೋ ಕೂರುವ ಹೊಗೆಕೊಳವೆ) ಹುಡುಕಬೇಕಾಗುತ್ತದೆ. ಟೈಮಿಂಗ್ ಚೈನಿಗೆ ಒಗ್ಗಿದ ನಿಮಗೆ ಇದರಲ್ಲಿರುವುದು ಬೆಲ್ಟ್ ಎಂಬುದೂ ತಿಳಿದಿರಲಿ. ಹಳೆಯ ಎಂಜಿನ್ ತಂದರೆ ಬೆಲ್ಟನ್ನು ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಇನ್ನೊಂದು ಮಾತು: ಈಗಿನ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದ್ದೀರಾ? ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟಾಗ ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವ್ ಸೋರುತ್ತಿದೆ.

ಕೆಸರುಚಕ್ರ

ಎಲ್ಲರಿಗೂ ಧನ್ಯವಾದಗಳು. ಈ ವಾರ ಡ್ರಮ್‌ಗಳನ್ನು ಬಿಚ್ಚಿದೆ. ಹಿಂದಿನ ಬಲಗಡೆಯ ಶೂಗಳು ಎಣ್ಣೆಯಲ್ಲಿ ನೆಂದಿದ್ದವು, ಬ್ರೀದರಿನೊಳಗೆ ಗಟ್ಟಿಯಾದ ಮಣ್ಣಿತ್ತು. ಹಾಫ್ ಶಾಫ್ಟುಗಳಲ್ಲಿ ಒಂದು ನೇರವಾಗಿದೆ, ಇನ್ನೊಂದರ ಸ್ಪ್ಲೈನುಗಳು ಕಣ್ಣಿಗೆ ಕಾಣುವಷ್ಟು ಓರೆಯಾಗಿವೆ. ಕಂಪ್ರೆಷನ್ ಮೂರು ಸಿಲಿಂಡರುಗಳಲ್ಲಿ ಸರಿಸಮವಾಗಿದ್ದು, ನಾಲ್ಕನೆಯದರಲ್ಲಿ ತೀರಾ ಕಡಿಮೆಯಿದೆ. ಎಣ್ಣೆ ಬಿಟ್ಟರೂ ಏರಲಿಲ್ಲ. ಹಾಗಾದರೆ ಹೆಡ್ ಇಳಿಸಿ ವಾಲ್ವ್ ಸರಿಮಾಡಿಸಿದರೆ ಏರಿನ ತೊಂದರೆ ಅರ್ಧದಷ್ಟಾದರೂ ತೀರಬಹುದೇ?

ಲೆಕ್ಕದವ

ಅರ್ಧಕ್ಕಿಂತ ಹೆಚ್ಚೇ ತೀರೀತು. ನೀವು ಈವರೆಗೆ ಏರು ಹತ್ತುತ್ತಿದ್ದದ್ದು ಮೂರು ಸಿಲಿಂಡರುಗಳಿಂದ. ಹೆಡ್ ಕೂರಿಸಿದ ಮೇಲೆ ವಾಲ್ವ್ ಸಂದನ್ನು 0.25 ಮಿ.ಮೀ.ಗೆ ಹೊಂದಿಸಿ. ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಅಳೆಯಿರಿ. ಡೀಸೆಲ್ ಎಂಜಿನ್ನಿನವರಿಗೆ ಮುಂಗಡ ಕೊಡುವುದನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.

ನಿಧಾನಸವಾರ

ಓರೆಯಾದ ಶಾಫ್ಟನ್ನು ಬಿಡಿಭಾಗವೆಂದು ಎತ್ತಿಡಬೇಡಿ, ಗುಜರಿಗೆ ಹಾಕಿ. ಇಟ್ಟುಕೊಂಡರೆ ಎಂದಾದರೊಂದು ದಿನ ಅದನ್ನೇ ಹಾಕುತ್ತೀರಿ.