ಪದ ಬೇಕು: ಆರ್‌ವಿ, ಕ್ಯಾಂಪ್‌ಗ್ರೌಂಡ್, ವಾಶ್ (ಶುಕ್ರವಾರದೊಳಗೆ)

ಎಲ್ಲರಿಗೂ ನಮಸ್ಕಾರ.

ಶನಿವಾರ ಅತ್ತೆ ಮಾವನನ್ನು ಕರೆದುಕೊಂಡು ಅರಿಜೋನಾಕ್ಕೆ ಹೊರಟಿದ್ದೇವೆ. ಪಾರ್ಕರ್ ಅಣೆಕಟ್ಟಿನ ಕೆಳಗೆ, ಕೊಲೊರಾಡೊ ನದಿಯ ದಡದಲ್ಲಿ ಬಕ್‌ಸ್ಕಿನ್ ಮೌಂಟನ್ ಸ್ಟೇಟ್ ಪಾರ್ಕ್ ಇದೆ. ಎದುರು ದಡ ಕ್ಯಾಲಿಫೋರ್ನಿಯಾ. ಅಲ್ಲಿ ನಾಲ್ಕು ರಾತ್ರಿ, ಬಾಡಿಗೆ ಆರ್‌ವಿಯಲ್ಲಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಗಾಡಿಯಲ್ಲಿ. ಅವರಿಬ್ಬರಿಗೂ ಇಂಗ್ಲಿಷ್ ಓದಲು ಬರುವುದಿಲ್ಲ. ನಾವು ದೋಣಿ ಹತ್ತಿ ಹೋದಾಗ ಗಾಡಿಯಲ್ಲಿ ಅವರಿಬ್ಬರೇ ಇರುತ್ತಾರೆ. ಅದಕ್ಕೆ ಒಳಗೆ ಅಂಟಿಸಲು ಕನ್ನಡದ ಚೀಟಿಗಳು ಬೇಕು. ಜೊತೆಗೆ ಈ ಮರುಭೂಮಿಯ ಬಗ್ಗೆ ಒಂದು ಪುಟ ಬರೆದುಕೊಡುತ್ತೇನೆ.

ಆರ್‌ವಿಗೆ ಏನನ್ನಲಿ? ಅದನ್ನು ನಿಲ್ಲಿಸಿಕೊಂಡು ತಂಗುವ ಜಾಗ, ಕ್ಯಾಂಪ್‌ಗ್ರೌಂಡ್‌ಗೆ? ಹುಕಪ್ ಎಂದರೆ ನಿಂತ ಜಾಗದಲ್ಲೇ ನೀರು, ಕರೆಂಟು ಸಿಕ್ಕಿಸಿಕೊಳ್ಳುವ ಏರ್ಪಾಡು. ಅದಕ್ಕೆ? ವಾಶ್ ಎಂದರೆ ವರ್ಷದ ಜಾಸ್ತಿ ದಿನ ಒಣಗಿರುವ, ಮಳೆ ಬಿದ್ದರೆ ದಿಢೀರನೆ ತುಂಬುವ ದಾರಿ. ಇದು ತುಂಬಾ ಮುಖ್ಯ. ಮಾವ ಬೆಳಗ್ಗೆ ವಾಕಿಂಗ್ ಹೋಗುವವರು.

ಇನ್ನು ಗಾಡಿಯ ತೊಟ್ಟಿಗಳಲ್ಲಿ ತುಂಬುವ ಕೊಳೆ ನೀರು: ಸ್ನಾನ, ಸಿಂಕಿನದು ಗ್ರೇ ವಾಟರ್, ಟಾಯ್ಲೆಟ್ಟಿನದು ಬ್ಲ್ಯಾಕ್ ವಾಟರ್. ಬೂದು ನೀರು, ಕಪ್ಪು ನೀರು ಎಂದು ಬರೆದೆ. ಫೋನಿನಲ್ಲಿ ಓದಿದರೆ ಅತ್ತೆ, “ಕಪ್ಪು ನೀರು ಯಾಕೆ ತುಂಬಿಸ್ಕೊಂಡು ಹೋಗ್ತೀರಮ್ಮ?” ಎಂದರು.

-----

ಕ್ಯಾಂಪ್‌ಗ್ರೌಂಡ್: ಬೀಡು. ಇದರಲ್ಲಿ ಚರ್ಚೆ ಮಾಡುವಂಥದ್ದೇನಿದೆ? ಬಿಡು–ಬೀಡು, ಕೆಡು–ಕೇಡು, ಪಡು–ಪಾಡು. ನೆಲೆವೀಡು ಶಾಸನಗಳಲ್ಲೇ ಇದೆ. ದಂಡು ಬೀಡು ಬಿಟ್ಟಿತು ಎಂದು ಇವತ್ತಿಗೂ ಹೇಳುತ್ತೇವೆ.

ಯಾರಾದರೂ ತಂಗುದಾಣ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ದಾಣ ಎಂದರೆ ತಾಣ, ತಾಣ ಎಂದರೆ ಸಂಸ್ಕೃತದ ಸ್ಥಾನ. ಅರ್ಧ ಸಾಲದ ಪದ.

ಆರ್‌ವಿ: ಬಂಡಿಮನೆ.

ಮರುಭೂಮಿ ಕೂಡ ಬೇಡ. ಬೆಂಗಾಡು ಎನ್ನಿ. ಬೆಂಕಿ, ಬೆಂದು, ಹಳಗನ್ನಡದ ಬೆನ್ನೀರು ಎಲ್ಲ ಒಂದೇ ಬೇರು. ಬೆಂದ ಕಾಡು. ಮರಳುಗಾಡು ಎಂದರೆ ಕನ್ನಡವೇ, ಆದರೆ ಅಲ್ಲಿಗೆ ಹೊಂದುವುದಿಲ್ಲ. ನೀವು ಹೋಗುತ್ತಿರುವ ಸೊನೋರನ್ ಸೀಮೆ ಜಾಸ್ತಿ ಕಲ್ಲುಗುಡ್ಡ, ಗರಸು, ಕಳ್ಳಿ, ಮೆಸ್ಕೀಟ್ ಗಿಡ. ಮರಳ ದಿಬ್ಬದ ಚಿತ್ರ ತಲೆಯಲ್ಲಿಟ್ಟುಕೊಂಡು ಹೋದವರಿಗೆ ಅಲ್ಲಿ ಬೇರೆಯದೇ ಕಾಣುತ್ತದೆ.

-----

> ಆರ್‌ವಿ: ಬಂಡಿಮನೆ.

ತಪ್ಪು. ಅಡುಗೆಮನೆ ಎಂದರೆ ಮನೆ, ಮನೆಯಡುಗೆ ಎಂದರೆ ಅಡುಗೆ. ಬಂಡಿಮನೆ ಎಂದರೆ ಬಂಡಿ ನಿಲ್ಲಿಸುವ ಮನೆ ಆಗುತ್ತದೆ. ಇದು ಓಡುವ ವಸ್ತು, ಮನೆಬಂಡಿ ಎನ್ನಬೇಕು. ಸ್ವಂತ ಎಂಜಿನ್ ಇರುವುದಕ್ಕೂ, ಪಿಕಪ್‌ನ ಹಿಂದೆ ಎಳೆದುಕೊಂಡು ಹೋಗುವುದಕ್ಕೂ ಇದೇ ನಡೆಯುತ್ತದೆ.

ಬೀಡು ಒಪ್ಪುವುದಿಲ್ಲ. ಕಲೆಗಳ ಬೀಡು, ಶಿಲ್ಪದ ಬೀಡು ಎನ್ನುವಾಗ ಅದು ಕಾಯಂ ನೆಲೆ. ನಾಲ್ಕು ರಾತ್ರಿ ಇದ್ದು ಎದ್ದು ಬರುವುದು ಬಿಡಾರ. ಬಿಡಾರ ಹೂಡುತ್ತೇವೆ, ಬಿಡಾರ ಕೀಳುತ್ತೇವೆ. ಕೀಳುವುದು ಆ ಮಾತಿನಲ್ಲೇ ಇದೆ. ಕ್ಯಾಂಪ್‌ಗ್ರೌಂಡ್ ಬಿಡಾರದ ಬಯಲು. ತಂಗುದಾಣ ನನಗೂ ಬೇಡ, ಕಾರಣ ಬೇರೆ. ಓದಿದವರು ಬಸ್ಸಿಗೆ ಕಾಯುತ್ತಾ ಕೂರುತ್ತಾರೆ.

ಗ್ರೇ ವಾಟರ್ ಬಚ್ಚಲ ನೀರು. ಬ್ಲ್ಯಾಕ್ ವಾಟರ್ ಕಕ್ಕಸಿನ ನೀರು. ಬಣ್ಣ ಬಿಡಿ, ಎಲ್ಲಿಂದ ಬಂತು ಅದನ್ನು ಬರೆಯಿರಿ. ಖಾಲಿ ಮಾಡುವ ಚೀಟಿಯಲ್ಲಿ ಅನುಕ್ರಮವೂ ಇರಲಿ. ಮೊದಲು ಕಕ್ಕಸಿನ ವಾಲ್ವ್, ಅದು ಮುಗಿದ ಮೇಲೆ ಬಚ್ಚಲದು. ಸಾಬೂನಿನ ನೀರು ಹಿಂದಿನಿಂದ ಹರಿದು ಪೈಪನ್ನು ತೊಳೆಯುತ್ತದೆ. ಕಕ್ಕಸಿನ ವಾಲ್ವ್ ಸದಾ ತೆರೆದಿಡಬಾರದು. ನೀರಷ್ಟೇ ಹರಿದುಹೋಗಿ ಗಟ್ಟಿಯದು ತೊಟ್ಟಿಯಲ್ಲೇ ಕೂರುತ್ತದೆ.

ವಾಶ್‌ಗೆ ಹೊಸ ಪದ ಕಟ್ಟಬೇಡಿ. ಹಳ್ಳ. ಬಯಲುಸೀಮೆಯಲ್ಲಿ ಹಳ್ಳ ಎಂದರೆ ಗುಂಡಿ ಅಲ್ಲ, ಮಳೆ ಬಂದರೆ ಮಾತ್ರ ಹರಿಯುವ ಹೊಳೆ. ಬೇಸಿಗೆಯಲ್ಲಿ ಅದರೊಳಗೇ ನಡೆದು ಹೋಗುತ್ತಾರೆ, ‘ಹಳ್ಳ ಬಂತು’ ಎಂದರೆ ಓಡುತ್ತಾರೆ. ಅರಿಜೋನಾದ ವಾಶ್ ಇದೇ ಅಲ್ವಾ?

-----

> ಬ್ಲ್ಯಾಕ್ ವಾಟರ್ ಕಕ್ಕಸಿನ ನೀರು.

ಕಕ್ಕಸು ಡಚ್ಚರ ಪದ. ಸ್ಥಾನ ಬೇಡ, ಡಚ್ ಆಗಬಹುದು. ಇದೆಂಥ ನಿಯಮ?

-----

ಸ್ಥಾನ ಬೇಡ ಎಂದವರು ನೀವು, ನಾನಲ್ಲ. ನನಗೆ ಎರಡೂ ಕನ್ನಡವೇ. ಕಕ್ಕಸು ಎಂದರೆ ಅತ್ತೆಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಈ ಆರ್‌ವಿಯವರ ಮಾತನ್ನೇ ನೋಡಿ. ನೀರು, ಕರೆಂಟು ಯಾವುದೂ ಇಲ್ಲದ ಕಡೆ ಬಿಡಾರ ಹೂಡುವುದಕ್ಕೆ ಅವರು ಬೂನ್‌ಡಾಕಿಂಗ್ ಎನ್ನುತ್ತಾರೆ. ಅದರ ಬೇರು ಫಿಲಿಪ್ಪೀನ್ಸಿನ ತಗಾಲೊಗ್ ನುಡಿಯ ಬುಂಡೊಕ್. ಅರ್ಥ ಬೆಟ್ಟ. ಅಮೆರಿಕದ ಸಿಪಾಯಿಗಳು ಹೊತ್ತು ತಂದದ್ದು. ಕ್ಯಾರವಾನ್ ಪರ್ಶಿಯನ್ ಕಾರವಾನ್. ಅದರ ತಲೆ ಕತ್ತರಿಸಿ ಉಳಿದದ್ದು ವ್ಯಾನ್. ಇಂಗ್ಲಿಷ್ ಇವನ್ನೆಲ್ಲ ನಾಚಿಕೆಯಿಲ್ಲದೆ ತನ್ನದು ಎನ್ನುತ್ತದೆ. ನಾವು ಮಾತ್ರ ಪ್ರತಿ ಪದಕ್ಕೂ ಜಾತಕ ಕೇಳುತ್ತೇವೆ.

-----

ಸಾಲ ಬೇಡ ಅಂತ ನಾನು ಹೇಳಿಲ್ಲ. ಮನೆಯಲ್ಲಿ ಇರುವಾಗ ಸಾಲ ಯಾಕೆ ಎಂದೆ. ನೀವೇ ಹಳ್ಳ ಎಂದಿರಿ. ಯಾಕೆ? ಇತ್ತು, ಅದಕ್ಕೆ. ಹುಡುಕಿದರೆ ಉಳಿದವೂ ಸಿಗುತ್ತವೆ. ಸುಮ್ನೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರೆ ಬೆಂಗಾಡಿನಂಥ ಪದಗಳನ್ನು ನಮ್ಮ ಮಕ್ಕಳು ನಿಘಂಟಿನಲ್ಲಿ ಮಾತ್ರ ನೋಡಬೇಕಾಗುತ್ತದೆ. ನನಗಿರುವ ಸಂಕಟ ಅದೊಂದೇ.

ಮನೆಬಂಡಿ ಒಪ್ಪಿದೆ. ಬೀಡು ಬಿಡುವುದಿಲ್ಲ.

-----

ಇಬ್ಬರಿಗೂ ವಂದನೆ. ನಿನ್ನೆ ರಾತ್ರಿ ಎಲ್ಲ ಪದಗಳನ್ನೂ ಅತ್ತೆ ಮಾವನಿಗೆ ಓದಿ ಹೇಳಿದೆ. ಹಳ್ಳ ಎಂದ ಕೂಡಲೇ ಮಾವ, “ಹಾಗಾದ್ರೆ ಅದ್ರಲ್ಲಿ ಇಳಿಯಲ್ಲ ಬಿಡು” ಎಂದರು. ವಾಶ್ ಬಗ್ಗೆ ನಾನು ಹತ್ತು ನಿಮಿಷ ವಿವರಿಸಿದಾಗ ಅವರಿಗೆ ಅದು ಮನಸ್ಸಿಗೆ ಹತ್ತಿರಲಿಲ್ಲ. ಬೆಂಗಾಡು ಅತ್ತೆಗೆ ಗೊತ್ತಿತ್ತು, ಅವರ ಅಮ್ಮ ಹೇಳುತ್ತಿದ್ದರಂತೆ. ಪುಟದಲ್ಲಿ ಅದನ್ನೇ ಹಾಕಿದ್ದೇನೆ. ಬೀಡಿಗಿಂತ ಬಿಡಾರ ಅವರ ಬಾಯಿಗೆ ಬೇಗ ಬಂತು, ಕ್ಷಮಿಸಿ. ಹುಕಪ್‌ಗೆ ಯಾರೂ ಉತ್ತರಿಸಲಿಲ್ಲ. ನಾನೇ ‘ನೀರು-ಕರೆಂಟಿನ ಜೋಡಣೆ’ ಎಂದು ಬರೆದೆ.

ಅಚ್ಚಿಗೆ ಹೋದ ಚೀಟಿಗಳು:

ಇದು ಬಚ್ಚಲ ನೀರಿನ ವಾಲ್ವ್. ಮುಟ್ಟಬೇಡಿ, ನಾವು ಬರುತ್ತೇವೆ.

ಇದು ಕಕ್ಕಸಿನ ವಾಲ್ವ್. ಮುಚ್ಚಿಯೇ ಇರಲಿ.

ಎಸಿ ಓಡುವಾಗ ಮೈಕ್ರೋವೇವ್ ಹಾಕಬೇಡಿ. ಇದು 30 ಆಂಪ್ ಲೈನು, ಕರೆಂಟು ಹೋಗುತ್ತದೆ.

ಹಳ್ಳದಲ್ಲಿ ನಡೆಯಬೇಡಿ. ಇಲ್ಲಿ ಬಿಸಿಲಿದ್ದರೂ ಗುಡ್ಡದಲ್ಲಿ ಮಳೆ ಬಂದು ನೀರು ನುಗ್ಗಬಹುದು.