8ನೇ ಕ್ಲಾಸ್ ಹುಡುಗನಿಗೆ ಸಮೀಕರಣ ಬಿಡಿಸೋದು ಹೇಗೆ ಹೇಳ್ಕೊಡ್ಲಿ?

ತುಮಕೂರು ಚಿಕ್ಕಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗ 8ನೇ ಕ್ಲಾಸು, 7ರ ತನಕ ಕನ್ನಡ ಮೀಡಿಯಂ ಓದಿ ಈ ವರ್ಷ ಇಂಗ್ಲಿಷ್ ಮೀಡಿಯಂ ಸೇರಿದಾನೆ, ಸಂಜೆ ನಮ್ಮನೇಗೆ ಬರ್ತಾನೆ ನಾನೇ ಕೂರಿಸ್ಕೊಂಡು ಓದಿಸ್ತೀನಿ. ಲೆಕ್ಕದಲ್ಲಿ ಹಿಂದೆ ಅಲ್ವೇ ಅಲ್ಲ, 20ರ ಮಗ್ಗಿ ತನಕ ಬಾಯಲ್ಲೇ ಇದೆ, ಅಂಗಡಿ ಚಿಲ್ಲರೆ ನನಗಿಂತ ಬೇಗ ಹೇಳ್ತಾನೆ. ಆದ್ರೆ ಎಕ್ಸ್ ಕಂಡ್ರೆ ಸಾಕು ಮುಖ ಸಪ್ಪಗಾಗುತ್ತೆ.

ನಿನ್ನೆ 3ಎಕ್ಸ್ + 5 = 20 ಕೊಟ್ಟೆ. 5 ಆ ಕಡೆ ಕಳಿಸಿ ಮೈನಸ್ ಮಾಡಿ 3ಎಕ್ಸ್ = 15 ಅಂತ ಸರಿಯಾಗೇ ಬರೆದ, ಅದಾದ್ಮೇಲೆ ಎಕ್ಸ್ = 12 ಅಂತ ಬರೆದ್ಬಿಟ್ಟ! ಯಾಕೋ ಅಂದ್ರೆ "3 ಆ ಕಡೆ ಹೋದ್ರೆ ಮೈನಸ್ ಆಗುತ್ತಲ್ವಾ ಚಿಕ್ಕಮ್ಮ" ಅಂತಾನೆ. ನನಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಯಾಕಂದ್ರೆ ನಾವೂ ಹಾಗೇ ಕಲ್ತಿದ್ದು, ಆ ಕಡೆ ಹೋದ್ರೆ ಚಿಹ್ನೆ ಬದಲಾಗುತ್ತೆ ಅಂತ. ನೋಟ್‌ಬುಕ್ಕಲ್ಲಿ ಇನ್ನೊಂದು ಕಡೆ 20 - 5 = 15 ÷ 3 = 5 ಅಂತ ಒಂದೇ ಸಾಲಲ್ಲಿ ಬರೆದಿದಾನೆ, ಉತ್ತರ ಸರಿ ಇದೆ ಅಂತ ನಾನು ರೈಟ್ ಹಾಕಿದೀನಿ. ಗೊತ್ತಿರೋರು ಹೇಳಿ ಪ್ಲೀಸ್, ಎಲ್ಲಿಂದ ಶುರು ಮಾಡ್ಲಿ?

ಹಾಸನ ಲೆಕ್ಕದ ಟೀಚರ್:

ಮೇಡಂ, ಆ ಕೊನೇ ಸಾಲಿನ ರೈಟ್ ಮಾರ್ಕಿನ ಬಗ್ಗೆನೇ ಮೊದ್ಲು ಹೇಳ್ಬೇಕು. 20 - 5 = 15 ÷ 3 ಅನ್ನೋದು ನಿಜ ಅಲ್ಲ, ಈ ಕಡೆ 15 ಇದೆ ಆ ಕಡೆ 5 ಇದೆ. ನಿಮ್ಮ ಹುಡುಗನಿಗೆ = ಅಂದ್ರೆ "ಈಗ ಉತ್ತರ ಬರುತ್ತೆ" ಅಂತ ಅರ್ಥ, ಕ್ಯಾಲ್ಕುಲೇಟರ್ ಬಟನ್ ಥರ. 1ನೇ ಕ್ಲಾಸಿಂದ 4 + 3 = ಅಂತ ಬರೆದು ಪಕ್ಕ ಖಾಲಿ ಬಿಟ್ಟು ಕೊಟ್ಟಿರ್ತೀವಲ್ಲ ಅದ್ರಿಂದ ಬಂದ ಅಭ್ಯಾಸ. ತೊಂದರೆ ಎಕ್ಸಲ್ಲಿಲ್ಲ, =ನಲ್ಲಿದೆ.

ಇವತ್ತು ಸಂಜೆ ಒಂದು ಕೆಲ್ಸ ಮಾಡಿ. 8 + 4 = □ + 5 ಅಂತ ಬರೆದು ಡಬ್ಬಿ ತುಂಬು ಅನ್ನಿ, ಬೇರೇನೂ ಹೇಳ್ಬೇಡಿ. 12 ಅಂದ್ರೆ ಅಥವಾ 17 ಅಂದ್ರೆ ನಾನು ಹೇಳಿದ್ದೇ ತೊಂದರೆ. 7 ಅಂದ್ರೆ ನನ್ನ ಊಹೆ ತಪ್ಪು.

ಆಮೇಲೆ ಹುಣಸೆ ಬೀಜ ತಗೊಳ್ಳಿ, ಪೇಪರ್ ಪೊಟ್ಟಣ ಮೂರು ಮಾಡಿ ಅವನಿಗೆ ಕಾಣದ ಹಾಗೆ ಒಂದೊಂದ್ರಲ್ಲಿ 5 ಬೀಜ ಕಟ್ಟಿಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಎಡಕ್ಕೆ 3 ಪೊಟ್ಟಣ ಮತ್ತೆ ಬಿಡಿ ಬೀಜ 5, ಬಲಕ್ಕೆ 20 ಬೀಜ. ಸಂತೆ ತಕ್ಕಡಿ ಇದು, ಮುಳ್ಳು ನೆಟ್ಟಗಿದೆ, ಪೊಟ್ಟಣ ಬಿಚ್ಚದೆ ಒಳಗೆಷ್ಟಿದೆ ಹೇಳು ಅನ್ನಿ. ಎಡಗಡೆ 5 ಬೀಜ ತೆಗೆದ್ರೆ ತಕ್ಕಡಿ ವಾಲುತ್ತೆ, ಹಾಗಾಗಿ ಬಲಗಡೆನೂ 5 ತೆಗೀಬೇಕು ಅಂತ ಅವನೇ ಹೇಳ್ತಾನೆ. ಉಳಿದಿದ್ದು 3 ಪೊಟ್ಟಣ, 15 ಬೀಜ. ಈಗ 3 ಕಳೀತೀಯಾ ಅಂತ ಕೇಳಿ! ಬಲಗಡೆ 3 ಬೀಜ ತೆಗೆದ್ರೆ ಎಡಗಡೆ ಏನು ತೆಗೀತೀಯ, ಅಲ್ಲಿ ಬಿಡಿ ಬೀಜನೇ ಇಲ್ವಲ್ಲ. ಕೈ ತಾನಾಗೇ ಮೂರು ಗುಂಪು ಮಾಡುತ್ತೆ. ಆಮೇಲೆ ಪೊಟ್ಟಣ ಬಿಚ್ಚಿ ಎಣಿಸೋದು ಅವನೇ ಮಾಡ್ಲಿ, ತಾಳೆ ನೋಡೋದು ಅಂದ್ರೆ ಅದೇ.

ಒಂದು ತಿಂಗಳು "ಆ ಕಡೆ ಕಳಿಸು" ಅನ್ನೋ ಮಾತೇ ಬೇಡ. ಪ್ರತಿ ಹೆಜ್ಜೆಲೂ ಎರಡೂ ಬದಿ ಕೆಳಗೆ - 5, - 5 ಅಂತ ಬರೀಲಿ, ಉದ್ದ ಆದ್ರೂ ಪರ್ವಾಗಿಲ್ಲ. ಅಂದಹಾಗೆ ಈ = ಚಿಹ್ನೆ ತಂದವರು ರಾಬರ್ಟ್ ರೆಕಾರ್ಡ್ ಅಂತ ವೇಲ್ಸ್ ದೇಶದವರು, 1557ರಲ್ಲಿ. ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಿಂತ ಹೆಚ್ಚು ಸಮ ಇರೋದು ಬೇರೆ ಇಲ್ಲ ಅಂತ ಆ ಗುರುತು ಇಟ್ರು. ಹುಡುಗನಿಗೆ ಇದನ್ನ ಹೇಳಿ, ಇಂಥವು ಮಕ್ಕಳಿಗೆ ನೆನಪಿರುತ್ತೆ.

ಮೈಸೂರು, ಬಿ.ಎಸ್ಸಿ. ಓದ್ತಿರೋನು:

ನನಗೆ ನಮ್ಮ ತಾತ ಬೇರೆ ಥರ ಹೇಳ್ಕೊಟ್ಟಿದ್ರು ಅಕ್ಕ. "ಮನಸ್ಸಲ್ಲಿ ಒಂದು ಸಂಖ್ಯೆ ಅಂದ್ಕೋ, 3ರಿಂದ ಗುಣಿಸು, 5 ಕೂಡು, ಎಷ್ಟು ಬಂತು? 20." ಈಗ ಕೊನೆಯಿಂದ ವಾಪಸ್ ಬಾ, ಕೊನೇಲಿ ಕೂಡಿದ್ದನ್ನ ಮೊದ್ಲು ಕಳಿ, ಗುಣಿಸಿದ್ದನ್ನ ಆಮೇಲೆ ಭಾಗಿಸು. ಹಾಕಿದ ಗಂಟನ್ನ ಹಿಂದಿನಿಂದ ಬಿಚ್ಚಿದ ಹಾಗೆ. 499ರಲ್ಲೇ ಆರ್ಯಭಟ ಹೇಳಿದ ವಿಲೋಮ ವಿಧಿ ಇದೇ, ಗುಣಕ ಭಾಜಕ ಆಗುತ್ತೆ, ಭಾಜಕ ಗುಣಕ ಆಗುತ್ತೆ, ಕೂಡಿದ್ದು ಕಳೆಯೋದಾಗುತ್ತೆ. ಹೀಗೆ ಮಾಡಿದ್ರೆ 12 ಅನ್ನೋ ತಪ್ಪು ಬರೋದೇ ಇಲ್ಲ, ಬೀಜ ಗೀಜ ಏನೂ ಬೇಡ.

ಹಾಸನ ಲೆಕ್ಕದ ಟೀಚರ್:

ಚೆನ್ನಾಗಿದೆ ಕಣಪ್ಪ, ನಾನೂ ಇದನ್ನ 7ನೇ ಕ್ಲಾಸಿಗೆ ಆಡಿಸ್ತೀನಿ. ಆದ್ರೆ 5ಎಕ್ಸ್ + 2 = 3ಎಕ್ಸ್ + 10 ಕೊಟ್ರೆ ಎಲ್ಲಿಂದ ವಾಪಸ್ ಬರ್ತೀಯ? ಎರಡೂ ಕಡೆ ಎಕ್ಸ್ ಇದೆ, ಕೊನೆ ಅನ್ನೋದೇ ಇಲ್ಲ. ಬೀಜದಲ್ಲಾದ್ರೆ ಎರಡೂ ಕಡೆಯಿಂದ 3 ಪೊಟ್ಟಣ, 2 ಬೀಜ ಎತ್ತಿದ್ರೆ ಮುಗೀತು, 2 ಪೊಟ್ಟಣ 8 ಬೀಜ, ಎಕ್ಸ್ 4. 8ನೇ ಕ್ಲಾಸಲ್ಲಿ ಬರೋದೇ ಇಂಥವು, ಅದಕ್ಕೆ ತಕ್ಕಡಿ ಅಂದೆ.

ಧಾರವಾಡದಾಕಿ:

ಅಕ್ಕಾರ, ನಾನು ಟ್ಯೂಷನ್ ಹೇಳ್ತೀನ್ರಿ, ಒಂದು ಮಾತು. ಕನ್ನಡ ಮೀಡಿಯಂನಿಂದ ಬಂದ ಹುಡುಗ ಅಂದ್ರಲ್ಲ, ಅವಗ ಎಷ್ಟೋ ಸಲ ಲೆಕ್ಕ ಬರ್ತದ, ಇಂಗ್ಲಿಷ್ ವಾಕ್ಯ ತಿಳಿಯಂಗಿಲ್ಲ. ಮೊದಲ ಕನ್ನಡದಾಗ ಹೇಳಿಸ್ರಿ. "ಕಿರಾಣಿ ಅಂಗಡ್ಯಾಗ 100 ರೂಪಾಯಿ ಕೊಟ್ಟೆ, 3 ನೋಟ್‌ಬುಕ್ ತೊಗೊಂಡೆ, 28 ವಾಪಸ್ ಬಂತು, ಒಂದಕ್ಕ ಎಷ್ಟು?" ಅಂದ್ರ ಬಾಯಾಗಿಂದ 24 ಬಂದ ಬಿಡ್ತದ. ಆವಾಗ ಕೇಳ್ರಿ, ತಲಿಯಾಗ ಏನ್ ಮಾಡ್ದಿ ಅದನ್ನ ಬರಿ ಅಂತ. 3ಎಕ್ಸ್ + 28 = 100. ಉತ್ತರ ಗೊತ್ತಿದ್ದ ಲೆಕ್ಕಕ್ಕ ಸಮೀಕರಣ ಬರಿಯೋದು ಭಾಳ ಧೈರ್ಯ ಕೊಡ್ತದ್ರಿ. ಮತ್ತ ಎಕ್ಸ್ ನೋಡಿ ಗುಣಾಕಾರ ಚಿಹ್ನೆ ಅಂತ ತಿಳ್ಕೊಳ್ಳೋ ಮಕ್ಕಳೂ ಅದಾವ, ಸ್ವಲ್ಪ ದಿನ ಡಬ್ಬಿನ ಇರ್ಲಿ.

ತುಮಕೂರು ಚಿಕ್ಕಮ್ಮ:

ಎರಡು ವಾರ ಆಯ್ತು, ಬರೀಲೇಬೇಕು ಅನ್ನಿಸ್ತು. ಟೀಚರ್ ಹೇಳಿದ ಡಬ್ಬಿ ಲೆಕ್ಕಕ್ಕೆ ಅವನು 12 ತುಂಬಿದ, ಅಷ್ಟೇ ಅಲ್ಲ ಮುಂದೆ ಇನ್ನೊಂದು = ಹಾಕಿ 17 ಅಂತ ಬರೆದ. ಎದೆ ಧಸಕ್ ಅಂತು, ಏಳು ವರ್ಷದಿಂದ ಯಾರೂ ಗಮನಿಸಿಲ್ಲ, ನಾನೂ ಸೇರಿ. ಬೀಜ ಇಟ್ಟು ಆಡಿದ್ಮೇಲೆ 3ಎಕ್ಸ್ = 15 ಹತ್ರ ಬಂದಾಗ ಮೂರು ಬೀಜ ಕೈಗೆತ್ಕೊಂಡವನು ಹಾಗೇ ನಿಂತ, ಎಡಗಡೆ ಪೊಟ್ಟಣ ನೋಡಿದ, ಬೀಜ ವಾಪಸ್ ಇಟ್ಟ. ನಾನು ಒಂದು ಮಾತೂ ಆಡಿರ್ಲಿಲ್ಲ. ಈಗ ಉತ್ತರ ಬಂದ್ಮೇಲೆ ಎಕ್ಸ್ ಜಾಗಕ್ಕೆ ಹಾಕಿ ತಾಳೆ ನೋಡೋದು ಅವನೇ ಮಾಡ್ತಾನೆ. ಅಂಗಡಿ ಲೆಕ್ಕ ಅವನೇ ಕಟ್ಟಿ ನನಗೆ ಕೊಡ್ತಾನೆ. ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಸಿಕ್ಕಾಕೊಂಡಿರೋದು 5 - ಎಕ್ಸ್ = 2ರಲ್ಲಿ. ಪೊಟ್ಟಣ ಮೈನಸ್ ಅನ್ನೋದನ್ನ ಹೇಗೆ ಇಡೋದು?

ಹಾಸನ ಲೆಕ್ಕದ ಟೀಚರ್:

ಓದಿ ತುಂಬಾ ಖುಷಿ ಆಯ್ತು ಮೇಡಂ. ಇಲ್ಲಿಗೆ ಬೀಜದ ಕೆಲ್ಸ ಮುಗೀತು, ಬಲವಂತ ಮಾಡ್ಬೇಡಿ, ಎಕ್ಸ್ + 8 = 3 ಬಂದ್ರೂ ಅಷ್ಟೇ, ಬೀಜ - 5 ಆಗಲ್ಲ. ಆದ್ರೆ ಎರಡೂ ಬದಿಗೆ ಒಂದೇ ಕೆಲ್ಸ ಅನ್ನೋದು ಈಗ ಅವನ ಕೈಯಲ್ಲಿದೆ, ಅದು ಸಾಕು. ಎರಡೂ ಬದಿಗೆ ಒಂದು ಎಕ್ಸ್ ಕೂಡಿಸೋಕೆ ಹೇಳಿ, 5 = 2 + ಎಕ್ಸ್ ಆಗುತ್ತೆ, ಅಲ್ಲಿಂದ ಅವನೇ ನೋಡ್ಕೋತಾನೆ.