ವಾಷಿಂಗ್ಟನ್‌ನ ಡನ್‌ಬಾರ್ ಹೈಸ್ಕೂಲಿಗೆ ಅಂಥ ಮೇಷ್ಟ್ರುಗಳು ಸಿಕ್ಕಿದ್ದು ಹೇಗೆ?

ಸಿಂಧು:
ರಕ್ತನಿಧಿಗಳ ಕೆಲಸಕ್ಕೆ ಹೆಸರಾದ ಡಾಕ್ಟರ್ ಚಾರ್ಲ್ಸ್ ಡ್ರೂ ಬಗ್ಗೆ ಓದ್ತಿದ್ದೆ. ಅವರು ಡನ್‌ಬಾರ್ ಹೈಸ್ಕೂಲಿನವರಂತೆ. ಹುಡುಕಿದರೆ ಸೆನೆಟರ್ ಎಡ್ವರ್ಡ್ ಬ್ರೂಕ್, ನ್ಯಾಯಾಧೀಶ ವಿಲಿಯಂ ಹೇಸ್ಟಿ ಕೂಡ ಅದೇ ಶಾಲೆ. ಕಪ್ಪು ಜನಾಂಗದ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುತ್ತಿದ್ದ ಕಾಲದಲ್ಲಿ, ಒಂದು ಸರ್ಕಾರಿ ಹೈಸ್ಕೂಲು ಇಷ್ಟೆಲ್ಲ ಮಾಡಿದ್ದು ಹೇಗೆ?

ರಾಜೇಶ:
ರಾಜಧಾನಿ ಅಲ್ವಾ, ದುಡ್ಡು ಚೆನ್ನಾಗಿ ಬರ್ತಿತ್ತೇನೋ.

ಇತಿಹಾಸದ ಮೇಡಂ:
ದುಡ್ಡಲ್ಲ ರಾಜೇಶ್, ಮೇಷ್ಟ್ರುಗಳು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡೋ ನನಗೆ ಈ ಶಾಲೆಯ ಕಥೆ ಅಂದ್ರೆ ಪ್ರಾಣ.

1870ರಲ್ಲಿ ಇದು ಶುರುವಾಗಿದ್ದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ. 1891ರಲ್ಲಿ ಎಂ ಸ್ಟ್ರೀಟಿಗೆ ಹೋಯ್ತು. 1916ರಲ್ಲಿ ಹೊಸ ಕಟ್ಟಡ ಬಂದಾಗ ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಹೆಸರಿಟ್ಟರು.

ಆಗ ದೊಡ್ಡ ದೊಡ್ಡ ಡಿಗ್ರಿ ಮಾಡಿದ ಕಪ್ಪು ಜನಾಂಗದವರನ್ನು ಬಿಳಿಯರ ವಿಶ್ವವಿದ್ಯಾಲಯಗಳು ಕೆಲಸಕ್ಕೆ ತಗೊಳ್ತಿರಲಿಲ್ಲ. ಎಷ್ಟೋ ಮಂದಿ ಇಲ್ಲಿಗೆ ಬಂದು ಪಾಠ ಮಾಡಿದರು. 1921ರಲ್ಲಿ ಅಮೆರಿಕದ ಕಪ್ಪು ಜನಾಂಗದ ಮೊದಲ ಮೂವರು ಹೆಣ್ಣುಮಕ್ಕಳು ಪಿಎಚ್‌ಡಿ ಪಡೆದರು: ಜಾರ್ಜಿಯಾನಾ ಸಿಂಪ್ಸನ್, ಸೇಡಿ ಅಲೆಕ್ಸಾಂಡರ್, ಇವಾ ಡೈಕ್ಸ್. ಸಿಂಪ್ಸನ್ ಈ ಶಾಲೆಯ ಟೀಚರ್. ಸೇಡಿ ಹಳೇ ವಿದ್ಯಾರ್ಥಿನಿ. ಡೈಕ್ಸ್ ಇಲ್ಲೇ ಓದಿ ಇಲ್ಲೇ ಪಾಠ ಮಾಡಿದವರು. ಮೂವರಿಗೂ ಒಂದೇ ಹೈಸ್ಕೂಲಿನ ನಂಟು!

ಆದರೆ ನಾನು ಕೈಮುಗಿಯೋದು ಅನ್ನಾ ಕೂಪರ್ ಅವರಿಗೆ. ಹುಟ್ಟಿದ್ದು ಗುಲಾಮಗಿರಿಯಲ್ಲಿ, 1902ರಲ್ಲಿ ಈ ಶಾಲೆಯ ಹೆಡ್‌ಮಿಸ್ಟ್ರೆಸ್. ಈ ಮಕ್ಕಳಿಗೆ ಕೈಕಸುಬು ಕಲಿಸಿದರೆ ಸಾಕು ಅನ್ನೋ ವಾದ ಜೋರಾಗಿದ್ದ ಕಾಲ ಅದು. ಆಯಮ್ಮ ಬಗ್ಗಲಿಲ್ಲ, ಲ್ಯಾಟಿನ್, ಗಣಿತ ಓದಿಸಿ ಮಕ್ಕಳನ್ನು ಹಾರ್ವರ್ಡ್‌ಗೆ ಕಳಿಸಿದರು. 1906ರಲ್ಲಿ ಹುದ್ದೆ ಹೋಯ್ತು. 1910ರಲ್ಲಿ ಅದೇ ಶಾಲೆಗೆ ಲ್ಯಾಟಿನ್ ಟೀಚರಾಗಿ ವಾಪಸ್ ಬಂದರು. 1925ರಲ್ಲಿ, ಅರವತ್ತು ದಾಟಿದ ಮೇಲೆ, ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಡಾಕ್ಟರೇಟ್. ಯಾವ ಪಠ್ಯದಲ್ಲೂ ಇವರನ್ನು ಬಿಡಬಾರದು.

ರಾಜೇಶ:
ಹಾಗಾದ್ರೆ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬೇರೆ ಕೂರಿಸೋದು ನಿಂತ ಮೇಲೆ ಶಾಲೆ ಕೆಳಗಿಳಿಯಿತು ಅಂತಾರಲ್ಲ? ಬೇರೆ ಇದ್ದಿದ್ದೇ ಒಳ್ಳೇದಾಗಿತ್ತಾ?

ಇತಿಹಾಸದ ಮೇಡಂ:
ಆ ಮಾತು ನಾನು ಒಪ್ಪಲ್ಲ. ಮೊದಲು ಊರಿನ ಯಾವ ಮೂಲೆಯಿಂದಲಾದರೂ ಓದೋ ಆಸೆಯಿದ್ದ ಕಪ್ಪು ಜನಾಂಗದ ಮಕ್ಕಳು ಇಲ್ಲಿಗೆ ಬರ್ತಿದ್ದರು. ತೀರ್ಪಿನ ನಂತರ ಇದು ಸುತ್ತಮುತ್ತಲ ಬಡಾವಣೆಯ ಮಕ್ಕಳ ಶಾಲೆಯಾಯ್ತು. ಪಿಎಚ್‌ಡಿ ಮಾಡಿದವರಿಗೂ ಬೇರೆ ಬಾಗಿಲುಗಳು ತೆರೆದವು. ಬಾಗಿಲು ಮುಚ್ಚಿದ್ದಕ್ಕೆ ಸಿಕ್ಕಿದ ಮೇಷ್ಟ್ರುಗಳು ಅವರು. ಅದನ್ನು ಮುಚ್ಚೇ ಇಡಬೇಕಿತ್ತು ಅಂತ ಹೇಗೆ ಹೇಳೋಣ?

ಇನ್ನೊಂದು ವಿಷಯ. ಬೇರೆ ಕೂರಿಸೋ ಕಾನೂನನ್ನು ಕೋರ್ಟಿನಲ್ಲಿ ಮುರಿಯೋ ದಾರಿ ಹಾಕಿದ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಈ ಶಾಲೆ ಎಂ ಸ್ಟ್ರೀಟಿನಲ್ಲಿದ್ದಾಗ ಇಲ್ಲಿ ಓದಿದ ಹುಡುಗ. 1950ರಲ್ಲೇ ತೀರಿಕೊಂಡರು, ತೀರ್ಪು ನೋಡಲಿಲ್ಲ.

ನನಗೆ ಸಂಕಟ ಆಗೋದು 1916ರ ಕಟ್ಟಡದ ವಿಷಯಕ್ಕೆ. ಹಳೇ ವಿದ್ಯಾರ್ಥಿಗಳು ಬೇಡ ಬೇಡ ಅಂದರೂ 1970ರ ದಶಕದಲ್ಲಿ ಕೆಡವಿಬಿಟ್ಟರು. ಈಗ ಶಾಲೆ ನಡೀತಿರೋದು 2013ರಲ್ಲಿ ತೆರೆದ ಕಟ್ಟಡದಲ್ಲಿ.

ಸಿಂಧು:
ಹೂಸ್ಟನ್ ಕೂಡ ಅಲ್ಲಿಯವರು ಅಂತ ಗೊತ್ತೇ ಇರಲಿಲ್ಲ ಮೇಡಂ. ಅನ್ನಾ ಕೂಪರ್ ಬಗ್ಗೆ ಬೇರೆ ಥ್ರೆಡ್ ಶುರು ಮಾಡ್ತೀನಿ, ದಯವಿಟ್ಟು ಅಲ್ಲಿಗೂ ಬನ್ನಿ.